ಕತ್ತಲ ಚಳಿಗಾಲ, ಮಾತ್ರೆಯ ಮೊದಲ ಎರಡು ವಾರ

ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷಗಳದ್ದು. ಅತಿ ದೊಡ್ಡ ಹಗಲು 13 ಗಂಟೆಗೆ ತುಸು ಕಡಿಮೆ. ಎರಡಕ್ಕೂ ಇರುವ ಅಂತರ ಒಂದೂವರೆ ಗಂಟೆ ಮಾತ್ರ. ಆದ್ದರಿಂದ ಡಿಸೆಂಬರ್ ಬಂತೆಂದು ನಮ್ಮ ಶಾಲೆಯ ಗಂಟೆಯೂ ಬದಲಾಗುವುದಿಲ್ಲ, ಮನೆಯ ದಿನಚರಿಯೂ ಬದಲಾಗುವುದಿಲ್ಲ. ಲಂಡನ್ನಿನ ಲೆಕ್ಕ ಬೇರೆ. ಅಲ್ಲಿ ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಬೆಳಿಗ್ಗೆ ಎಂಟರ ನಂತರ ಹುಟ್ಟಿ, ಮಧ್ಯಾಹ್ನ ನಾಲ್ಕು ಹೊಡೆಯುವ ಮುನ್ನವೇ ಮುಳುಗುತ್ತಾನೆ. ಎಡಿನ್‌ಬರೋದಲ್ಲಿ ಆ ದಿನದ ಹಗಲು ಏಳು ಗಂಟೆಯೂ ಇಲ್ಲ, ಹೆಲ್ಸಿಂಕಿಯಲ್ಲಿ ಆರು ಗಂಟೆಯೂ ಇಲ್ಲ. ನಾರ್ವೆಯ ಟ್ರೋಮ್ಸೋ ಪಟ್ಟಣದಲ್ಲಂತೂ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ದಿಗಂತದ ಮೇಲೆ ಏಳುವುದೇ ಇಲ್ಲ.

ಭೂಮಿಯ ಅಕ್ಷ ಇಪ್ಪತ್ತಮೂರೂವರೆ ಡಿಗ್ರಿ ವಾಲಿರುವುದರಿಂದ ಹೀಗಾಗುತ್ತದೆ ಎಂಬುದು ಪ್ರೌಢಶಾಲೆಯ ಭೂಗೋಳ ಓದಿದ ಎಲ್ಲರಿಗೂ ಗೊತ್ತು. ಆದರೆ ಈ ವಾಲುವಿಕೆ ಮನುಷ್ಯನ ಮನಸ್ಸಿನ ಮೇಲೂ ಪರಿಣಾಮ ಮಾಡಬಲ್ಲದು ಎಂಬುದು ಪಠ್ಯಪುಸ್ತಕದಲ್ಲಿಲ್ಲ. ಕರ್ನಾಟಕದಿಂದ ಬ್ರಿಟನ್, ಕೆನಡಾ, ಜರ್ಮನಿಗಳಿಗೆ ಓದಲು ಹೋಗುವ ಮಕ್ಕಳಲ್ಲಿ ಬಹಳಷ್ಟು ಮಂದಿ ಆಗಸ್ಟ್ ಸೆಪ್ಟೆಂಬರ್‌ನಲ್ಲಿ ವಿಮಾನ ಹತ್ತುತ್ತಾರೆ. ಪೆಟ್ಟಿಗೆಯಲ್ಲಿ ಸ್ವೆಟರ್ ಇರುತ್ತದೆ, ಚಟ್ನಿಪುಡಿ ಇರುತ್ತದೆ, ಅಮೃತಾಂಜನ ಇರುತ್ತದೆ. ಚಳಿಯ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ಕತ್ತಲೆಯ ಬಗ್ಗೆ ಯಾರೂ ಹೇಳುವುದಿಲ್ಲ.

ನವೆಂಬರ್ ಹೊತ್ತಿಗೆ ಕೆಲವರಿಗೆ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ. ಹತ್ತು ಹನ್ನೆರಡು ಗಂಟೆ ಮಲಗಿದರೂ ಆಯಾಸ ಹೋಗುವುದಿಲ್ಲ. ಅನ್ನ, ಬ್ರೆಡ್ಡು, ಸಿಹಿತಿಂಡಿಗಳ ಮೇಲೆ ಆಸೆ ಹೆಚ್ಚಿ ತೂಕ ಏರುತ್ತದೆ. ಕೈಕಾಲಿಗೆ ಸೀಸ ಕಟ್ಟಿದಂತೆ ಭಾರ. ಪುಸ್ತಕ ತೆರೆದರೆ ಒಂದು ಪುಟವೂ ತಲೆಗೆ ಹತ್ತುವುದಿಲ್ಲ. ಗೆಳೆಯರ ಮಾತು ಬೇಡವೆನಿಸುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಹಗಲು ಉದ್ದವಾದಂತೆ ಇದೆಲ್ಲ ತಾನಾಗಿ ಕರಗುತ್ತದೆ. ಮುಂದಿನ ಚಳಿಗಾಲಕ್ಕೆ ಮತ್ತೆ ಬರುತ್ತದೆ. ಇದೇ ಋತುಮಾನದ ಖಿನ್ನತೆ. ಇದು ಸೋಮಾರಿತನವಲ್ಲ, ಬರೀ ಊರಿನ ನೆನಪೂ ಅಲ್ಲ. ವೈದ್ಯಶಾಸ್ತ್ರ ಗುರುತಿಸಿರುವ, ಚಿಕಿತ್ಸೆ ಇರುವ ಕಾಯಿಲೆ.

ಚಿಕಿತ್ಸೆಗೆ ಹೋದವರಲ್ಲಿ ಹಲವರಿಗೆ ವೈದ್ಯರು ಖಿನ್ನತೆ ನಿವಾರಕ ಮಾತ್ರೆ ಬರೆದುಕೊಡುತ್ತಾರೆ. ತೊಡಕು ಶುರುವಾಗುವುದು ಅಲ್ಲಿಂದ. ಮಾತ್ರೆಯ ಅಡ್ಡಪರಿಣಾಮ ಮೊದಲ ದಿನವೇ ಬರಬಹುದು, ಅದರ ಗುಣ ಕಾಣಲು ವಾರಗಳು ಬೇಕು. ಈ ನಡುವಿನ ದಿನಗಳಲ್ಲಿ ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುವವರು ಕಡಿಮೆಯಿಲ್ಲ. ಹಾಗೆ ಬಿಡುವ ಮೊದಲು ಆ ದಿನಗಳಲ್ಲಿ ದೇಹದೊಳಗೆ ಏನು ನಡೆಯುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಎಂಜಿನಿಯರ್ ಬರೆದಿಟ್ಟ ಟಿಪ್ಪಣಿ

ಈ ಕಾಯಿಲೆಗೆ ಹೆಸರು ಬಂದ ಕಥೆ ಸ್ವಾರಸ್ಯಕರ. ನಾರ್ಮನ್ ರೋಸೆಂತಾಲ್ ಎಂಬ ವೈದ್ಯರು ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್‌ನವರು. ಬಿಸಿಲಿನ ಆ ಊರಿನಿಂದ 1976ರಲ್ಲಿ ನ್ಯೂಯಾರ್ಕಿಗೆ ಬಂದರು. ಚಳಿಗಾಲ ಬಂದಾಗ ತಮ್ಮ ಹುರುಪು ಇಳಿಯುವುದನ್ನೂ ವಸಂತದಲ್ಲಿ ಅದು ಮರಳುವುದನ್ನೂ ಗಮನಿಸಿದರು. ಮುಂದೆ ಅವರು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಸಂಶೋಧನೆಗೆ ಸೇರಿದರು.

ಆ ಸಂಸ್ಥೆಗೆ ಹರ್ಬರ್ಟ್ ಕರ್ನ್ ಎಂಬ ಎಂಜಿನಿಯರ್ ಬಂದರು. ಪ್ರತಿ ಚಳಿಗಾಲದಲ್ಲೂ ಖಿನ್ನತೆಗೆ ಜಾರಿ, ಬೇಸಿಗೆಯಲ್ಲಿ ಅದರಿಂದ ಎದ್ದುಬರುತ್ತಿದ್ದ ಅವರು ತಮ್ಮ ಮನಸ್ಸಿನ ಏರಿಳಿತವನ್ನು ವರ್ಷಗಟ್ಟಲೆ ಬರೆದಿಟ್ಟಿದ್ದರು. ಇದಕ್ಕೂ ಹಗಲಿನ ಉದ್ದಕ್ಕೂ ಸಂಬಂಧವಿರಬೇಕು ಎಂಬುದು ಅವರ ಊಹೆ. ಅದೇ ಸಂಸ್ಥೆಯ ಆಲ್‌ಫ್ರೆಡ್ ಲೆವಿ ಮತ್ತು ಸಂಗಡಿಗರು 1980ರಲ್ಲಿ ಒಂದು ಮುಖ್ಯ ವಿಷಯ ಕಂಡುಹಿಡಿದಿದ್ದರು. ರಾತ್ರಿ ನಮ್ಮ ದೇಹದಲ್ಲಿ ಉತ್ಪತ್ತಿಯಾಗುವ ಮೆಲಟೋನಿನ್ ಎಂಬ ಹಾರ್ಮೋನನ್ನು 500 ಲಕ್ಸ್‌ನಷ್ಟು ಬೆಳಕು ತಡೆಯಲಿಲ್ಲ, 2,500 ಲಕ್ಸ್‌ನ ಪ್ರಖರ ಬೆಳಕು ತಡೆಯಿತು. ಲಕ್ಸ್ ಎಂದರೆ ಒಂದು ಮೇಲ್ಮೈಯ ಮೇಲೆ ಬೀಳುವ ಬೆಳಕಿನ ಅಳತೆ.

ಹಾಗಿದ್ದರೆ ಪ್ರಖರ ದೀಪ ಹಚ್ಚಿ ಚಳಿಗಾಲದ ಹಗಲನ್ನೇ ಉದ್ದ ಮಾಡಿದರೆ ಹೇಗೆ? ಕರ್ನ್ ಅವರ ಮೇಲೆ ಪ್ರಯೋಗ ನಡೆಯಿತು. ನಸುಕಿನಲ್ಲೂ ಸಂಜೆಯಲ್ಲೂ ಅವರು ಪ್ರಖರ ದೀಪದ ಮುಂದೆ ಕುಳಿತರು. ಕೆಲವೇ ದಿನಗಳಲ್ಲಿ ಖಿನ್ನತೆ ಇಳಿಯತೊಡಗಿತು. 1982ರಲ್ಲಿ ಪ್ರಕಟವಾದ ಆ ವರದಿಯ ಲೇಖಕರಲ್ಲಿ ಲೆವಿ, ರೋಸೆಂತಾಲ್, ವೆಹ್ರ್ ಅವರ ಜೊತೆಗೆ ಕರ್ನ್ ಅವರ ಹೆಸರೂ ಇದೆ. ರೋಗಿಯೇ ಸಂಶೋಧನಾ ಪ್ರಬಂಧದ ಸಹಲೇಖಕನಾದ ಅಪರೂಪದ ಪ್ರಸಂಗವಿದು. 1984ರಲ್ಲಿ ರೋಸೆಂತಾಲ್ ಮತ್ತು ಸಂಗಡಿಗರು 29 ರೋಗಿಗಳ ವಿವರ ಪ್ರಕಟಿಸಿ ಈ ಕಾಯಿಲೆಗೆ ಇಂದಿನ ಹೆಸರು ಕೊಟ್ಟರು.

ಕಣ್ಣೊಳಗಿನ ಇನ್ನೊಂದು ವ್ಯವಸ್ಥೆ

ಬೆಳಕು ಮನಸ್ಸನ್ನು ಮುಟ್ಟುವ ದಾರಿ ಸ್ಪಷ್ಟವಾದದ್ದು ಆಮೇಲೆ. ನಮ್ಮ ಅಕ್ಷಿಪಟಲದಲ್ಲಿ ನೋಡಲು ನೆರವಾಗುವ ಕಡ್ಡಿಕೋಶಗಳು, ಶಂಕುಕೋಶಗಳು ಇವೆ ಎಂದು ಜೀವಶಾಸ್ತ್ರದ ಪಾಠ ಹೇಳುತ್ತದೆ. 2002ರಲ್ಲಿ ಅಮೆರಿಕದ ಡೇವಿಡ್ ಬರ್ಸನ್ ಮತ್ತು ಸಂಗಡಿಗರು ಅಲ್ಲಿ ಮೂರನೆಯ ಬಗೆಯ ಬೆಳಕು ಗ್ರಾಹಕ ಕೋಶಗಳಿವೆ ಎಂದು ತೋರಿಸಿದರು. ಇವುಗಳಲ್ಲಿರುವ ವರ್ಣದ್ರವ್ಯ ಮೆಲನಾಪ್ಸಿನ್. ಇವುಗಳ ಮುಖ್ಯ ಕೆಲಸ ಚಿತ್ರ ಕಾಣಿಸುವುದಲ್ಲ, ಹೊರಗೆ ಎಷ್ಟು ಬೆಳಕಿದೆ ಎಂಬ ಸುದ್ದಿಯನ್ನು ಮಿದುಳಿನ ಜೈವಿಕ ಗಡಿಯಾರಕ್ಕೆ ಮುಟ್ಟಿಸುವುದು. ಬೆಳಗಿನ ಬೆಳಕು ಬೀಳದಿದ್ದರೆ ಆ ಗಡಿಯಾರ ಹಿಂದೆ ಬೀಳುತ್ತದೆ. ಹೊರಗೆ ಕಾಲೇಜಿನ ವೇಳೆಯಾಗಿದ್ದರೂ ದೇಹದ ಪಾಲಿಗೆ ಇನ್ನೂ ರಾತ್ರಿ.

ಬಿಸಿಲಿನ ಮಧ್ಯಾಹ್ನ ನಮ್ಮ ಬಯಲಿನಲ್ಲಿ ಒಂದು ಲಕ್ಷ ಲಕ್ಸ್‌ನಷ್ಟು ಬೆಳಕಿರುತ್ತದೆ. ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಇರುವುದು 300ರಿಂದ 500 ಲಕ್ಸ್. ಕತ್ತಲಲ್ಲಿ ಗ್ರಂಥಾಲಯಕ್ಕೆ ಹೋಗಿ, ಕತ್ತಲಲ್ಲಿ ಹಿಂತಿರುಗುವ ವಿದ್ಯಾರ್ಥಿಗೆ ಸಿಕ್ಕುವುದು ಇಷ್ಟೇ.

ಇದರ ಜೊತೆಗೆ ಸೆರೊಟೋನಿನ್ ಎಂಬ ರಾಸಾಯನಿಕವೂ ಇದೆ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸಲು ಬಳಸುವ ದೂತ ಇದು. 2002ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಮಿದುಳಿನಲ್ಲಿ ಸೆರೊಟೋನಿನ್ ಬಳಕೆ ಚಳಿಗಾಲದಲ್ಲಿ ಅತಿ ಕಡಿಮೆ ಇರುವುದನ್ನು ಅಳೆದು ತೋರಿಸಿದರು. ಹಾಗೆಂದು ‘ಸೆರೊಟೋನಿನ್ ಕೊರತೆಯೇ ಖಿನ್ನತೆ’ ಎಂಬ ಸರಳ ಸಮೀಕರಣವನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಅದು ಹಲವು ಎಳೆಗಳಲ್ಲಿ ಒಂದು ಎಳೆ.

ಉತ್ತರಕ್ಕೆ ಹೋದವರಿಗೆಲ್ಲ ಈ ಕಾಯಿಲೆ ಬಂದೇ ಬರುತ್ತದೆ ಎಂದೂ ಅಲ್ಲ. 1990ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯಲ್ಲಿ ದಕ್ಷಿಣದ ಫ್ಲಾರಿಡದಲ್ಲಿ ಶೇಕಡ 1.4 ಜನರಲ್ಲೂ, ಉತ್ತರದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಶೇಕಡ 9.7 ಜನರಲ್ಲೂ ಇದು ಕಂಡುಬಂತು. ಆದರೆ ಅದಕ್ಕಿಂತ ಎಷ್ಟೋ ಉತ್ತರದಲ್ಲಿರುವ ಐಸ್‌ಲೆಂಡಿನಲ್ಲಿ 1993ರ ವರದಿಯ ಪ್ರಕಾರ ಶೇಕಡ 3.8 ಮಾತ್ರ. ಋತುಮಾನಕ್ಕೂ ಖಿನ್ನತೆಗೂ ಸಂಬಂಧ ಹೇಳಿದಷ್ಟು ಬಲವಾಗಿಲ್ಲ ಎಂದು 2016ರ ಒಂದು ದೊಡ್ಡ ಅಮೆರಿಕನ್ ಅಧ್ಯಯನ ಪ್ರಶ್ನಿಸಿತು. ಆದ್ದರಿಂದ ಚಳಿಗಾಲದ ಮಂಕು ಎಲ್ಲವೂ ಈ ಕಾಯಿಲೆಯಲ್ಲ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಪರೀಕ್ಷೆಯ ಭಯ, ಸಾಲದ ಚಿಂತೆ ಏನೂ ಇರಬಹುದು. ತೀರ್ಮಾನ ವೈದ್ಯರದು.

ಹೊಟ್ಟೆಯಲ್ಲಿ ಸಿಕ್ಕಿದ ರಾಸಾಯನಿಕ

ಇನ್ನು ಮಾತ್ರೆಯ ವಿಚಾರ. ಇಂದು ಹೆಚ್ಚು ಬಳಕೆಯಲ್ಲಿರುವ ಖಿನ್ನತೆ ನಿವಾರಕಗಳಲ್ಲಿ ಒಂದು ಫ್ಲೂಆಕ್ಸಿಟಿನ್. 1987ರ ಕೊನೆಯಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಸರ್ಟ್ರಲಿನ್, ಎಸ್ಸಿಟಲೊಪ್ರಾಮ್ ಮುಂತಾದವು ಇದೇ ಕುಟುಂಬದವು. ನರಕೋಶ ಹೊರಬಿಟ್ಟ ಸೆರೊಟೋನಿನ್ ಕೆಲಸ ಮುಗಿದ ಮೇಲೆ ಅದೇ ಕೋಶಕ್ಕೆ ಹಿಂತಿರುಗಿ ಹೋಗುತ್ತದೆ. ಈ ಮಾತ್ರೆಗಳು ಆ ಹಿಂತಿರುಗುವ ಬಾಗಿಲನ್ನು ಮುಚ್ಚುತ್ತವೆ. ಎರಡು ಕೋಶಗಳ ನಡುವೆ ಸೆರೊಟೋನಿನ್ ಹೆಚ್ಚು ಹೊತ್ತು ಉಳಿಯುತ್ತದೆ.

ಆದರೆ ನುಂಗಿದ ಮಾತ್ರೆ ಮಿದುಳಿಗೆ ಮಾತ್ರ ಹೋಗುವುದಿಲ್ಲ. ರಕ್ತದ ಮೂಲಕ ಇಡೀ ದೇಹ ಸುತ್ತುತ್ತದೆ. ಸೆರೊಟೋನಿನ್ನಿನ ಚರಿತ್ರೆಯನ್ನು ನೋಡಿದರೆ ಇದರ ಪರಿಣಾಮ ಅರ್ಥವಾಗುತ್ತದೆ. ಇಟಲಿಯ ವಿಟ್ಟೋರಿಯೊ ಎರ್ಸ್‌ಪಮರ್ 1930ರ ದಶಕದಲ್ಲಿ ಈ ವಸ್ತುವನ್ನು ಮೊದಲು ಕಂಡದ್ದು ಮಿದುಳಿನಲ್ಲಲ್ಲ, ಪ್ರಾಣಿಗಳ ಜೀರ್ಣಾಂಗದ ಒಳಪದರದಲ್ಲಿ. 1948ರಲ್ಲಿ ಅಮೆರಿಕದಲ್ಲಿ ರಕ್ತದಿಂದ ಇದನ್ನು ಬೇರ್ಪಡಿಸಿ ಸೆರೊಟೋನಿನ್ ಎಂದು ಹೆಸರಿಟ್ಟರು. ಮಿದುಳಿನಲ್ಲೂ ಇದೆ ಎಂದು ಗೊತ್ತಾದದ್ದು 1950ರ ದಶಕದಲ್ಲಿ. ನಮ್ಮ ದೇಹದ ಸೆರೊಟೋನಿನ್ನಿನಲ್ಲಿ ಶೇಕಡ 90ಕ್ಕೂ ಹೆಚ್ಚು ಪಾಲು ಇರುವುದು ಕರುಳಿನಲ್ಲಿಯೇ. ಕರುಳಿನ ಚಲನೆಯನ್ನು ನಡೆಸುವುದರಲ್ಲಿ ಅದಕ್ಕೆ ದೊಡ್ಡ ಪಾತ್ರವಿದೆ.

ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಕರುಳಿನಲ್ಲೂ ಆ ಬಾಗಿಲು ಮುಚ್ಚುತ್ತದೆ. ಅಲ್ಲಿನ ನರಗಳು ಕೆರಳಿ ಮಿದುಳಿನ ವಾಂತಿ ಕೇಂದ್ರಕ್ಕೆ ಸುದ್ದಿ ಕಳಿಸುತ್ತವೆ. ಆಗ ಓಕರಿಕೆ ಬರುತ್ತದೆ, ಕೆಲವರಿಗೆ ಭೇದಿಯೂ ಆಗುತ್ತದೆ. ಫ್ಲೂಆಕ್ಸಿಟಿನ್ ತೆಗೆದುಕೊಳ್ಳುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಓಕರಿಕೆಯಾಗುತ್ತದೆ. ಅನೇಕರಲ್ಲಿ ಒಂದೆರಡು ವಾರಗಳಲ್ಲಿ ದೇಹ ಇದಕ್ಕೆ ಹೊಂದಿಕೊಂಡು ಓಕರಿಕೆ ಇಳಿಯುತ್ತದೆ.

ಗುಣ ಮಾತ್ರ ಇಷ್ಟು ಬೇಗ ಕಾಣುವುದಿಲ್ಲವೇಕೆ? ಸೆರೊಟೋನಿನ್ ಹೆಚ್ಚಿತೆಂದು ತಿಳಿದೊಡನೆ ನರಕೋಶ ತನ್ನದೇ ಬ್ರೇಕ್ ಹಾಕಿ ಅದರ ಬಿಡುಗಡೆಯನ್ನು ತಗ್ಗಿಸುತ್ತದೆ. ಈ ಬ್ರೇಕ್ ಸಡಿಲಗೊಂಡು, ನರಕೋಶಗಳ ಸಂಪರ್ಕ ಹೊಸದಾಗಿ ಹೊಂದಿಕೊಳ್ಳಲು ಎರಡರಿಂದ ಆರು ವಾರ ಹಿಡಿಯಬಹುದು ಎಂಬುದು ವಿಜ್ಞಾನಿಗಳ ವಿವರಣೆ. ಅಂದರೆ ಮೊದಲ ಎರಡು ವಾರ ರೋಗಿ ಕಷ್ಟವನ್ನು ಮಾತ್ರ ಕಾಣುತ್ತಾನೆ, ಫಲವನ್ನು ಕಾಣುವುದಿಲ್ಲ. ‘ಈ ಮಾತ್ರೆ ನನಗೆ ಆಗಿಬರುವುದಿಲ್ಲ’ ಎಂಬ ತೀರ್ಮಾನಕ್ಕೆ ಬರಲು ಇದಕ್ಕಿಂತ ತಪ್ಪು ಹೊತ್ತು ಇನ್ನೊಂದಿಲ್ಲ.

ದೀಪ ಮತ್ತು ಮಾತ್ರೆ: ಒಂದು ಹೋಲಿಕೆ

ದೀಪ ಮೇಲೋ ಮಾತ್ರೆ ಮೇಲೋ ಎಂದು ಕೆನಡಾದ ಮನೋವೈದ್ಯರು ನೇರವಾಗಿ ಪರೀಕ್ಷಿಸಿದ್ದಾರೆ. ರೇಮಂಡ್ ಲ್ಯಾಮ್ ನೇತೃತ್ವದ ಈ ಅಧ್ಯಯನ 2006ರಲ್ಲಿ ಪ್ರಕಟವಾಯಿತು. 96 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 10,000 ಲಕ್ಸ್ ದೀಪ ಮತ್ತು ಔಷಧವಿಲ್ಲದ ಹುಸಿ ಮಾತ್ರೆ. ಇನ್ನೊಂದಕ್ಕೆ ಮಂದ ದೀಪ ಮತ್ತು 20 ಮಿಲಿಗ್ರಾಂ ಫ್ಲೂಆಕ್ಸಿಟಿನ್. ಯಾರಿಗೆ ನಿಜವಾದ ಚಿಕಿತ್ಸೆ ಯಾವುದೆಂದು ರೋಗಿಗೆ ಗೊತ್ತಾಗದಂತೆ ಏರ್ಪಾಡು. ಎಂಟು ವಾರಗಳ ಕೊನೆಯಲ್ಲಿ ಎರಡೂ ಗುಂಪುಗಳಲ್ಲಿ ಶೇಕಡ 67 ಜನ ಸ್ಪಷ್ಟವಾಗಿ ಸುಧಾರಿಸಿದ್ದರು. ದೀಪದ ಗುಂಪಿನಲ್ಲಿ ಸುಧಾರಣೆ ಮೊದಲ ವಾರದಲ್ಲೇ ಹೆಚ್ಚು ಕಂಡಿತು. ಮಾತ್ರೆಯ ಗುಂಪಿನಲ್ಲಿ ಚಡಪಡಿಕೆ, ನಿದ್ರಾಭಂಗ, ಎದೆಬಡಿತದ ದೂರು ಹೆಚ್ಚಿತ್ತು. ಆದರೂ ಒಟ್ಟಿನಲ್ಲಿ ಎರಡನ್ನೂ ರೋಗಿಗಳು ಸಹಿಸಿಕೊಂಡರು.

ಹಾಗಾದರೆ ಎಲ್ಲರಿಗೂ ದೀಪವನ್ನೇ ಏಕೆ ಕೊಡಬಾರದು? ಕೊಡುವುದುಂಟು. ಬೆಳಿಗ್ಗೆ ಎದ್ದೊಡನೆ ಅರ್ಧ ಗಂಟೆ ದೀಪದ ಮುಂದೆ ಕೂರುವುದು ಈಗ ಅಂಗೀಕೃತ ಚಿಕಿತ್ಸೆ. ದೀಪವನ್ನು ದಿಟ್ಟಿಸಬೇಕಿಲ್ಲ, ಓದುತ್ತಲೋ ತಿಂಡಿ ತಿನ್ನುತ್ತಲೋ ಕುಳಿತರೆ ಸಾಕು. ಆದರೆ ದೀಪಕ್ಕೂ ಅಡ್ಡಪರಿಣಾಮವಿದೆ. ತಲೆನೋವು, ಕಣ್ಣಿನ ಆಯಾಸ ಕೆಲವರಿಗೆ ಆಗುತ್ತದೆ. ಅಕ್ಷಿಪಟಲದ ಕಾಯಿಲೆ ಇದ್ದವರು ಕಣ್ಣಿನ ವೈದ್ಯರನ್ನು ಕೇಳದೆ ಬಳಸಬಾರದು. ಖಿನ್ನತೆ ತೀವ್ರವಾಗಿದ್ದರೆ, ದೀಪದಿಂದ ಗುಣ ಕಾಣದಿದ್ದರೆ ಮಾತ್ರೆ ಬೇಕಾಗುತ್ತದೆ. ಎರಡನ್ನೂ ಒಟ್ಟಿಗೆ ಕೊಡುವುದೂ ಉಂಟು.

ಪ್ರಯೋಗಶಾಲೆಯ ನಿಯಮ

ಋತುಮಾನದ ಖಿನ್ನತೆಯಲ್ಲಿ ಒಂದು ಗೊಂದಲ ವಿಶೇಷವಾಗಿದೆ. ಅತಿನಿದ್ರೆ, ಆಯಾಸ, ತೂಕದ ಏರಿಕೆ, ಓದಿನಲ್ಲಿ ಏಕಾಗ್ರತೆ ಇಲ್ಲದಿರುವುದು ಕಾಯಿಲೆಯ ಲಕ್ಷಣಗಳೂ ಹೌದು, ಕೆಲವು ಮಾತ್ರೆಗಳ ಅಡ್ಡಪರಿಣಾಮಗಳೂ ಹೌದು. ಮಂಕು ಯಾವುದರಿಂದ ಬಂತು?

ರಸಾಯನಶಾಸ್ತ್ರದ ಪ್ರಯೋಗದಲ್ಲಿ ದ್ರಾವಣ ಬೆರೆಸುವ ಮೊದಲು ಆರಂಭದ ಅಳತೆ ಬರೆದುಕೊಳ್ಳುವುದು ನಿಯಮ. ಇಲ್ಲಿಯೂ ಅದೇ. ಮೊದಲ ಮಾತ್ರೆ ನುಂಗುವ ಮುನ್ನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು: ಎಷ್ಟು ಗಂಟೆ ನಿದ್ರೆ, ಹಸಿವು ಹೇಗಿದೆ, ತೂಕ ಎಷ್ಟು, ತಲೆನೋವು ಇದೆಯೇ, ಮನಸ್ಸು ಹತ್ತರಲ್ಲಿ ಎಷ್ಟು ಅಂಕದಲ್ಲಿದೆ. ಆಮೇಲೆ ದಿನಕ್ಕೆ ಎರಡು ಸಾಲು. ಯಾವ ಹೊತ್ತಿಗೆ ಮಾತ್ರೆ, ಏನಾಯಿತು, ಎಷ್ಟು ಹೊತ್ತು ಇತ್ತು. ಮೂರನೆಯ ದಿನ ಇದ್ದ ಓಕರಿಕೆ ಹತ್ತನೆಯ ದಿನ ಅರ್ಧವಾಗಿದ್ದರೆ ಪುಸ್ತಕ ಅದನ್ನು ಹೇಳುತ್ತದೆ, ಖಿನ್ನ ಮನಸ್ಸು ಹೇಳುವುದಿಲ್ಲ. ‘ಏನೋ ಸರಿಯಿಲ್ಲ ಡಾಕ್ಟ್ರೇ’ ಎನ್ನುವುದಕ್ಕಿಂತ ಈ ಎರಡು ಪುಟ ವೈದ್ಯರಿಗೆ ಹೆಚ್ಚು ಉಪಯೋಗ. ಕರ್ನ್ ಅವರ ಟಿಪ್ಪಣಿಯಿಂದ ಒಂದು ಚಿಕಿತ್ಸೆಗೇ ದಾರಿಯಾದದ್ದನ್ನು ಮರೆಯಬಾರದು.

ಒಂದೊಂದಾಗಿ ನೋಡಿದರೆ

ಓಕರಿಕೆ: ಮಾತ್ರೆಯನ್ನು ಊಟ ತಿಂಡಿಯ ಜೊತೆ ತೆಗೆದುಕೊಂಡರೆ ಅನೇಕರಿಗೆ ತಡೆದುಕೊಳ್ಳಬಹುದು. ಒಮ್ಮೆಲೇ ಹೊಟ್ಟೆ ತುಂಬ ಉಣ್ಣುವ ಬದಲು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ತಿನ್ನುವುದು ಲೇಸು. ಎಣ್ಣೆ, ಮಸಾಲೆ ಕೆಲವು ದಿನ ಕಡಿಮೆಯಿರಲಿ. ಕಡಿಮೆ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸಬಹುದೇ ಎಂದು ವೈದ್ಯರನ್ನು ಕೇಳಬಹುದು.

ನಿದ್ರೆ: ಫ್ಲೂಆಕ್ಸಿಟಿನ್ ಕೆಲವರ ನಿದ್ರೆ ಕೆಡಿಸುತ್ತದೆ. ಅಂಥವರು ಅದನ್ನು ಬೆಳಿಗ್ಗೆ ತೆಗೆದುಕೊಳ್ಳುವುದು ರೂಢಿ. ಮಾತ್ರೆಯಿಂದ ತೂಕಡಿಕೆ ಬಂದರೆ ರಾತ್ರಿಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಬೇಕು. ತೂಕಡಿಕೆ ಇರುವಷ್ಟು ದಿನ ವಾಹನ ನಡೆಸಬಾರದು.

ಚಡಪಡಿಕೆ, ಕೈನಡುಕ, ಎದೆಬಡಿತ: ಕಾಫಿ, ಟೀ ಕಡಿಮೆ ಮಾಡಿದರೆ ಸ್ವಲ್ಪ ಹಗುರಾಗಬಹುದು. ಕೂತಲ್ಲಿ ಕೂರಲಾಗದಷ್ಟು ಚಡಪಡಿಕೆಯಿದ್ದರೆ ಅದನ್ನು ಸಹಿಸಬೇಕಾಗಿಲ್ಲ, ಆ ದಿನವೇ ವೈದ್ಯರಿಗೆ ತಿಳಿಸಬೇಕು.

ಬಾಯಿ ಒಣಗುವುದು: ಆಗಾಗ ಗುಟುಕು ನೀರು, ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್. ಜೊಲ್ಲು ಕಡಿಮೆಯಾದರೆ ಹಲ್ಲು ಬೇಗ ಹುಳುಕಾಗುತ್ತದೆ, ಆದ್ದರಿಂದ ಪೆಪ್ಪರಮಿಂಟ್ ಚೀಪುತ್ತಿರುವುದು ಬೇಡ.

ತಲೆನೋವು: ಮೊದಲ ವಾರಗಳಲ್ಲಿ ಸಾಮಾನ್ಯ. ಆದರೆ ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ತಾವಾಗಿ ನುಂಗಬಾರದು. ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಿಗೂ ಸೆರೊಟೋನಿನ್ ಬೇಕು. ಈ ಎರಡು ಬಗೆಯ ಮಾತ್ರೆ ಕೂಡಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಲೈಂಗಿಕ ಆಸಕ್ತಿ ಕುಗ್ಗುವುದು: ವಯಸ್ಸಿಗೆ ಬಂದ ವಿದ್ಯಾರ್ಥಿಗಳು ಯಾರೊಂದಿಗೂ ಹೇಳಿಕೊಳ್ಳದೆ ಮಾತ್ರೆ ಬಿಡಲು ಇದೂ ಒಂದು ಕಾರಣ. ಓಕರಿಕೆಯಂತೆ ಇದು ತಾನಾಗಿ ಹೋಗುತ್ತದೆಂಬ ಭರವಸೆಯಿಲ್ಲ. ಆದರೆ ವೈದ್ಯರಿಗೆ ಇದು ಹೊಸ ಮಾತೂ ಅಲ್ಲ, ನಾಚಿಕೆಯ ಮಾತೂ ಅಲ್ಲ. ಪ್ರಮಾಣ ತಗ್ಗಿಸುವುದು, ಬೇರೆ ಔಷಧ ಕೊಡುವುದು ಅವರ ಕೈಯಲ್ಲಿದೆ.

ಇನ್ನೊಂದು ಎಚ್ಚರಿಕೆ ಬೆರಕೆಯ ಬಗ್ಗೆ. ಡೆಕ್ಸ್‌ಟ್ರೊಮೆಥಾರ್ಫಾನ್ ಇರುವ ಕೆಮ್ಮಿನ ಔಷಧ, ಪಶ್ಚಿಮ ದೇಶಗಳ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಇವು ಮಾತ್ರೆಯ ಜೊತೆ ಸೇರಿ ಸೆರೊಟೋನಿನ್ ಅಪಾಯದ ಮಟ್ಟಕ್ಕೆ ಏರಬಹುದು. ಜ್ವರ, ಮೈನಡುಕ, ಸ್ನಾಯು ಸೆಟೆದುಕೊಳ್ಳುವುದು, ಗೊಂದಲ ಕಂಡರೆ ಅದು ತುರ್ತುಚಿಕಿತ್ಸೆಯ ವಿಷಯ. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವಲ್ಲ. ಮದ್ಯವಂತೂ ಕೂಡದು.

ಮುಚ್ಚಿಡಬಾರದ ಸಂಗತಿಗಳು

ಚಳಿಗಾಲದ ಖಿನ್ನತೆ ಬರದಂತೆ ತಡೆಯಲು ಅಮೆರಿಕದಲ್ಲಿ 2006ರಲ್ಲಿ ಬ್ಯೂಪ್ರೊಪಿಯಾನ್ ಎಂಬ ಔಷಧಕ್ಕೆ ಅನುಮತಿ ದೊರೆಯಿತು. ಇದು ಸೆರೊಟೋನಿನ್ ದಾರಿಯದಲ್ಲ. ಹಿಂದಿನ ವರ್ಷಗಳಲ್ಲಿ ಖಿನ್ನತೆ ಅನುಭವಿಸಿದವರು ಲಕ್ಷಣ ಕಾಣುವ ಮೊದಲೇ ಶರತ್ಕಾಲದಲ್ಲಿ ಆರಂಭಿಸಿ, ಚಳಿಗಾಲವಿಡೀ ತೆಗೆದುಕೊಂಡು, ವಸಂತದ ಆರಂಭದಲ್ಲಿ ಇಳಿಸಿ ನಿಲ್ಲಿಸುತ್ತಾರೆ. ಮೂರು ಪ್ರಯೋಗಗಳಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದಾಗ, ಔಷಧ ಪಡೆದವರಲ್ಲಿ ನೂರಕ್ಕೆ ಸುಮಾರು 84 ಜನ ಖಿನ್ನತೆಯಿಲ್ಲದೆ ಚಳಿಗಾಲ ದಾಟಿದರು. ಹುಸಿ ಮಾತ್ರೆಯವರಲ್ಲಿ ಈ ಸಂಖ್ಯೆ 72. ಲೈಂಗಿಕ ತೊಂದರೆ, ತೂಕದ ಏರಿಕೆ ಇದರಲ್ಲಿ ಕಡಿಮೆ. ಬಾಯಿ ಒಣಗುವುದು, ನಿದ್ರೆ ಬಾರದಿರುವುದು ಇದರ ಸಾಮಾನ್ಯ ತೊಂದರೆಗಳು.

ಆದರೆ ಮೂರ್ಛೆರೋಗ ಇದ್ದವರಿಗೆ ಇದನ್ನು ಕೊಡಬಾರದು. ಅಪಸ್ಮಾರವನ್ನು ಮದುವೆಯ ಮಾತುಕತೆಗೆ ಅಡ್ಡಿಯಾಗುತ್ತದೆಂದು ಮುಚ್ಚಿಡುವ ಮನೆಗಳು ನಮ್ಮಲ್ಲಿವೆ. ಬಾಲ್ಯದಲ್ಲಿ ಫಿಟ್ಸ್ ಬಂದದ್ದು ಮಗನಿಗೇ ಗೊತ್ತಿರುವುದಿಲ್ಲ. ಅವನು ವಿದೇಶದ ವೈದ್ಯರ ಮುಂದೆ ಕುಳಿತಾಗ ಆ ಮಾಹಿತಿ ಅವನ ಪ್ರಾಣಕ್ಕೆ ಸಂಬಂಧಿಸಿದ್ದು. ಮನೆತನದಲ್ಲಿ ಯಾರಿಗಾದರೂ ಉನ್ಮಾದ, ಅಂದರೆ ಅತಿ ಉತ್ಸಾಹ, ನಿದ್ರೆಯಿಲ್ಲದ ಓಡಾಟ, ದುಂದುವೆಚ್ಚದ ಕಾಯಿಲೆ ಬಂದಿದ್ದರೆ ಅದನ್ನೂ ಹೇಳಬೇಕು. ಅಂಥ ಪ್ರವೃತ್ತಿ ಇರುವವರಲ್ಲಿ ಮಾತ್ರೆಯಾಗಲಿ ಪ್ರಖರ ದೀಪವಾಗಲಿ ಉನ್ಮಾದವನ್ನು ಕೆರಳಿಸಬಹುದು.

ಇನ್ನೊಂದು ಸಂಗತಿ ವಿದ್ಯಾರ್ಥಿಗಳಿಗೇ ಸಂಬಂಧಿಸಿದ್ದು. ಖಿನ್ನತೆ ನಿವಾರಕಗಳು ಚಿಕ್ಕ ವಯಸ್ಸಿನ ಕೆಲವರಲ್ಲಿ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆಗಳನ್ನು ಹೆಚ್ಚಿಸಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಎಚ್ಚರಿಸಿತು. 2007ರಲ್ಲಿ ಆ ಎಚ್ಚರಿಕೆಯನ್ನು 24 ವರ್ಷದವರೆಗೆ ವಿಸ್ತರಿಸಿತು. ಮಕ್ಕಳ ಮೇಲಿನ ಪ್ರಯೋಗಗಳಲ್ಲಿ ಅಂಥ ಯೋಚನೆ ಅಥವಾ ವರ್ತನೆ ಔಷಧ ಪಡೆದವರಲ್ಲಿ ಶೇಕಡ 4, ಹುಸಿ ಮಾತ್ರೆಯವರಲ್ಲಿ ಶೇಕಡ 2 ಕಂಡುಬಂದಿತ್ತು. ಆ ಪ್ರಯೋಗಗಳಲ್ಲಿ ಯಾರೂ ಪ್ರಾಣ ಕಳೆದುಕೊಳ್ಳಲಿಲ್ಲ. ಔಷಧ ಬೇಡ ಎಂಬುದು ಇದರ ಅರ್ಥವಲ್ಲ, ಚಿಕಿತ್ಸೆ ಸಿಗದ ಖಿನ್ನತೆಯ ಅಪಾಯವೂ ದೊಡ್ಡದೇ. ಮಾತ್ರೆ ಆರಂಭಿಸಿದಾಗ ಮತ್ತು ಪ್ರಮಾಣ ಬದಲಿಸಿದಾಗ ಹತ್ತಿರದವರು ಕಣ್ಣಿಟ್ಟಿರಬೇಕು ಎಂಬುದು ಇದರ ಅರ್ಥ.

ಡಿಸೆಂಬರ್ ರಜೆಯ ಮೋಸ

ಚಳಿಗಾಲದ ರಜೆಗೆ ಊರಿಗೆ ಬಂದ ಮಗಳು ಬಿಸಿಲಿನಲ್ಲಿ ಓಡಾಡಿ, ಅಮ್ಮನ ಅಡುಗೆ ಉಂಡು, ಎರಡು ವಾರದಲ್ಲಿ ಗೆಲುವಾಗಿ ಕಾಣಬಹುದು. ‘ಚೆನ್ನಾಗಿಯೇ ಇದ್ದೀಯಲ್ಲ ಪುಟ್ಟಿ, ಇನ್ನು ಆ ಮಾತ್ರೆ ಯಾಕೆ?’ ಎಂದು ಮನೆಯವರು ಕೇಳುತ್ತಾರೆ. ಅವಳೂ ಬಿಡುತ್ತಾಳೆ. ಆದರೆ ಜನವರಿಯಲ್ಲಿ ಅವಳು ಹಿಂತಿರುಗುವುದು ಅದೇ ಕತ್ತಲೆಗೆ. ಋತುಮಾನದ ಖಿನ್ನತೆಯವರು ಬಿಸಿಲಿನ ಊರಿಗೆ ಹೋದಾಗ ಚೇತರಿಸಿಕೊಳ್ಳುವುದು ಗೊತ್ತಿರುವ ಸಂಗತಿ. ಅದು ಕಾಯಿಲೆ ವಾಸಿಯಾದ ಗುರುತಲ್ಲ.

ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಬೇರೊಂದು ತೊಂದರೆಯುಂಟು. ತಲೆಸುತ್ತು, ಸಿಡುಕು, ಕೆಟ್ಟ ಕನಸು, ತಲೆಯಲ್ಲಿ ವಿದ್ಯುತ್ ಹರಿದಂಥ ಅನುಭವ ಆಗಬಹುದು. ದೇಹದಿಂದ ಬೇಗ ಹೊರಹೋಗುವ ಪ್ಯಾರಾಕ್ಸಿಟಿನ್‌ನಂಥವುಗಳಲ್ಲಿ ಇದು ಹೆಚ್ಚು, ವಾರಗಟ್ಟಲೆ ದೇಹದಲ್ಲಿ ಉಳಿಯುವ ಫ್ಲೂಆಕ್ಸಿಟಿನ್‌ನಲ್ಲಿ ಕಡಿಮೆ. ‘ಇದು ಚಟ ಹಿಡಿಸುವ ಮಾತ್ರೆ’ ಎಂಬ ಅಪನಂಬಿಕೆಗೆ ಈ ಅನುಭವವೂ ಒಂದು ಮೂಲ. ವಾಸ್ತವವಾಗಿ ಇವು ಮದ್ಯ, ತಂಬಾಕಿನಂತೆ ಹಂಬಲ ಹುಟ್ಟಿಸುವುದಿಲ್ಲ. ದೇಹ ಹೊಂದಿಕೊಂಡಿರುತ್ತದೆ, ಹಿಂತಿರುಗಿ ಹೊಂದಿಕೊಳ್ಳಲು ಅದಕ್ಕೆ ಸಮಯ ಬೇಕು. ವೈದ್ಯರು ಹಂತಹಂತವಾಗಿ ಇಳಿಸುವುದು ಅದಕ್ಕೇ. ಊರಿನಿಂದ ಬರುವವರ ಕೈಯಲ್ಲಿ ಪರಿಚಿತರ ಮಾತ್ರೆಯ ಸ್ಟ್ರಿಪ್ ತರಿಸಿಕೊಳ್ಳುವುದಂತೂ ಸಲ್ಲದು.

ಮಾತ್ರೆಯಿಲ್ಲದ ನೆರವು

ಔಷಧದ ಪ್ರಮಾಣ ಕಡಿಮೆಯಿದ್ದಷ್ಟೂ ಅಡ್ಡಪರಿಣಾಮ ಕಡಿಮೆ. ಆದ್ದರಿಂದ ಉಳಿದ ನೆರವನ್ನೂ ಜೊತೆಗೆ ಬಳಸಿಕೊಳ್ಳುವುದು ಜಾಣತನ. ಮೋಡ ಕವಿದ ಹಗಲಿನಲ್ಲೂ ಹೊರಗೆ ಕೋಣೆಗಿಂತ ಹಲವು ಪಟ್ಟು ಬೆಳಕಿರುತ್ತದೆ. ಬೆಳಗಿನ ಅರ್ಧ ಗಂಟೆ ನಡಿಗೆಗೆ ಖರ್ಚಿಲ್ಲ. ವರ್ಮಂಟ್ ವಿಶ್ವವಿದ್ಯಾಲಯದ ಕೆಲ್ಲಿ ರೋಹನ್ ಅವರು 177 ರೋಗಿಗಳಲ್ಲಿ ದೀಪ ಚಿಕಿತ್ಸೆಯನ್ನೂ, ಆಲೋಚನೆಯ ರೀತಿಯನ್ನು ತಿದ್ದುವ ಮಾತಿನ ಚಿಕಿತ್ಸೆಯನ್ನೂ ಹೋಲಿಸಿದರು. ಆ ಚಳಿಗಾಲಕ್ಕೆ ಎರಡೂ ಸಮ. ಎರಡು ಚಳಿಗಾಲ ಕಳೆದ ಮೇಲೆ ನೋಡಿದರೆ ಕಾಯಿಲೆ ಮರಳಿದ್ದು ದೀಪದವರಲ್ಲಿ ಸುಮಾರು ಶೇಕಡ 46, ಮಾತಿನ ಚಿಕಿತ್ಸೆಯವರಲ್ಲಿ ಶೇಕಡ 27.

ಬೆಳಕಿಗಾಗಿ ಊರಿಗೆ ಊರೇ ಶ್ರಮಿಸಿದ ಉದಾಹರಣೆ ನಾರ್ವೆಯಲ್ಲಿದೆ. ಕಡಿದಾದ ಬೆಟ್ಟಗಳ ನಡುವಿನ ರ್ಯೂಕನ್ ಪಟ್ಟಣಕ್ಕೆ ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ನೇರ ಬಿಸಿಲು ಬೀಳುವುದಿಲ್ಲ. ಜನರು ಬೆಟ್ಟದ ಮೇಲೆ ಹೋಗಿ ಬಿಸಿಲು ಕಾಯಲೆಂದು 1928ರಲ್ಲಿ ತಂತಿಹಾದಿ ಕಟ್ಟಿದರು. 2013ರಲ್ಲಿ ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿಗಳನ್ನು ನಿಲ್ಲಿಸಿದರು. ಕಂಪ್ಯೂಟರ್ ನಿಯಂತ್ರಣದ ಆ ಕನ್ನಡಿಗಳು ಸೂರ್ಯನನ್ನು ಹಿಂಬಾಲಿಸಿ ಊರಿನ ಚೌಕಕ್ಕೆ ಬಿಸಿಲು ಎರಚುತ್ತವೆ. ಬೆಳಕಿನ ಕೊರತೆಯನ್ನು ಅಲ್ಲಿಯ ಜನ ನಾಚಿಕೆಯ ವಿಷಯವೆಂದು ಭಾವಿಸಲಿಲ್ಲ.

ಫೋನಿನಲ್ಲಿ ಕೇಳಬೇಕಾದ ಪ್ರಶ್ನೆ

ದೂರದಲ್ಲಿರುವ ಮಕ್ಕಳಿಗೆ ಫೋನ್ ಮಾಡಿದಾಗ ‘ಊಟ ಆಯ್ತಾ, ಓದ್ತಾ ಇದ್ದೀಯಾ’ ಎಂಬ ಎರಡು ಪ್ರಶ್ನೆ ನಾವು ತಪ್ಪದೆ ಕೇಳುತ್ತೇವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಇನ್ನೊಂದು ಸೇರಲಿ: ‘ಇವತ್ತು ಹಗಲು ಹೊತ್ತು ಹೊರಗೆ ಹೋಗಿದ್ದೆಯಾ?’ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ‘ಬಿಟ್ಟುಬಿಡು’ ಎನ್ನುವುದೂ ಬೇಡ, ‘ಸಹಿಸಿಕೋ’ ಎನ್ನುವುದೂ ಬೇಡ. ‘ಹೇಗಾಗ್ತಿದೆ ಅಂತ ಬರೆದಿಟ್ಟಿದ್ದೀಯಾ? ಡಾಕ್ಟರಿಗೆ ಹೇಳಿದೆಯಾ?’ ಎಂದು ಕೇಳಿದರೆ ಸಾಕು.

ಬದುಕು ಬೇಡವೆಂಬ ಮಾತು ಬಂದರೆ ಮರುದಿನಕ್ಕೆ ಕಾಯಬಾರದು. ಅಮೆರಿಕ ಮತ್ತು ಕೆನಡಾದಲ್ಲಿರುವವರು 988, ಬ್ರಿಟನ್ನಿನಲ್ಲಿರುವವರು 111 ಸಂಖ್ಯೆಗೆ ಕರೆ ಮಾಡಬಹುದು. ಭಾರತದಲ್ಲಿ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೂ ಮಾತನಾಡಬಹುದು. ಇಲ್ಲಿ ಕುಳಿತು ಕಂಗಾಲಾದ ತಂದೆತಾಯಿಗಳೂ ಅಲ್ಲಿ ಸಲಹೆ ಕೇಳಬಹುದು.

ಡಿಸೆಂಬರ್ 22ರಿಂದಲೇ ಉತ್ತರಾರ್ಧ ಗೋಳದ ಹಗಲು ದಿನಕ್ಕಿಷ್ಟು ಎಂದು ಬೆಳೆಯತೊಡಗುತ್ತದೆ. ಮೊದಮೊದಲು ಅದು ಸೆಕೆಂಡುಗಳ ಲೆಕ್ಕ, ಕಣ್ಣಿಗೆ ಗೊತ್ತಾಗುವುದಿಲ್ಲ. ಮಾತ್ರೆಯ ಗುಣವೂ ಹೀಗೆಯೇ ನಿಧಾನವಾಗಿ ಬರುತ್ತದೆ. ಅದು ಕಾಣುವವರೆಗಿನ ದಿನಗಳನ್ನು ಒಬ್ಬರೇ ಕಳೆಯಬೇಕಾಗಿಲ್ಲ, ವೈದ್ಯರೂ ಮನೆಯವರೂ ಜೊತೆಗಿರುವುದು ಅದಕ್ಕಾಗಿಯೇ.